ತೊಳೆದು ಚೆಲ್ಲಿದ ಕೋಶಗಳು

ಕಲ್ಚರ್ ರೂಮಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಆಗೊಮ್ಮೆ ಈಗೊಮ್ಮೆ ನನ್ನನ್ನು ಹುಡುಕಿಕೊಂಡು ಸಯನ್ನಿನ ಮನೆಗೆ ಬರುತ್ತಾರೆ. "ಮೇಡಂ, ನಿಮ್ಮ ಕಾಲದಲ್ಲಿ ಹೇಗಿತ್ತು ಹೇಳಿ" ಎನ್ನುತ್ತಾರೆ. ನಾನೇನು ಹೇಳಲಿ? ನೌಕರಿಯ ಉದ್ದಕ್ಕೂ ನಾನು ಹೆಚ್ಚಾಗಿ ಮಾಡಿದ್ದು ತೊಳೆಯುವ ಕೆಲಸ. ಬಾಟಲಿ ತೊಳೆದೆ, ಪಿಪೆಟ್ ತೊಳೆದೆ, ಸ್ಲೈಡ್ ತೊಳೆದೆ, ಇಲಿಯ ಮೂಳೆಯಿಂದ ತೆಗೆದ ಜೀವಕೋಶಗಳನ್ನೂ ತೊಳೆದೆ. ಚೆನ್ನಾಗಿಯೇ ತೊಳೆದೆ, ಅದರಲ್ಲಿ ಯಾರೂ ನನಗೆ ಬೆರಳು ತೋರಿಸುವ ಹಾಗಿರಲಿಲ್ಲ. ತೊಳೆಯಬಾರದ್ದನ್ನೂ ತೊಳೆದು ಚೆಲ್ಲಿದೆ ಎಂಬ ಮಾತನ್ನು ಮಾತ್ರ ಆ ಹುಡುಗಿಯರಿಗೆ ಹೇಳಲಾರದೆ ಕಾಫಿ ಕೊಟ್ಟು ಕಳಿಸಿದ್ದೇನೆ. ಬಾಯಲ್ಲಿ ಬಾರದ್ದು ಬರವಣಿಗೆಯಲ್ಲಾದರೂ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಮೈಸೂರಿನವಳು. ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ಗಂಡನ ನೌಕರಿಯ ದೆಸೆಯಿಂದ ಮುಂಬಯಿಗೆ ಬಂದೆ. ನಾನು ಕೆಲಸ ಮಾಡಿದ ಸಂಶೋಧನಾ ಸಂಸ್ಥೆಯ ಹೆಸರು ಬೇಡ. ಸಯನ್ ಸ್ಟೇಷನ್ನಿನಲ್ಲಿ ಲೋಕಲ್ ಹಿಡಿದರೆ ಹತ್ತು ನಿಮಿಷದ ದಾರಿ. ಕಲ್ಚರ್ ರೂಮ್ ಎಂದರೆ ಪ್ರಾಣಿಯ ಮೈಯಿಂದ ತೆಗೆದ ಜೀವಕೋಶಗಳನ್ನು ಫ್ಲಾಸ್ಕಿನಲ್ಲಿ, ಪೋಷಕ ದ್ರವದಲ್ಲಿ, ಮೈಯ ಬಿಸಿಯಷ್ಟೇ ಬಿಸಿಯಲ್ಲಿ ಇಟ್ಟು ಸಾಕುವ ಕೋಣೆ. ಗಾಳಿಯಲ್ಲಿರುವ ಒಂದು ಬೂಷ್ಟಿನ ಕಣ ಬಿದ್ದರೂ ತಿಂಗಳ ದುಡಿಮೆ ಹಾಳು. ಅದಕ್ಕೇ ಚಪ್ಪಲಿ ಹೊರಗೆ, ಮುಡಿದ ಹೂವು ಹೊರಗೆ, ಪೌಡರ್ ಹಚ್ಚಿಕೊಂಡವರೂ ಹೊರಗೆ. ಮನೆಯಲ್ಲಿ ನಮ್ಮ ಅತ್ತೆ ಎರಡು ಕೋಣೆಯ ಫ್ಲ್ಯಾಟಿನಲ್ಲೂ ಮಡಿಸೀರೆಗೆ ಬೇರೆ ಗಳ ಕಟ್ಟಿಸಿಕೊಂಡು, ಯಾರಾದರೂ ಮುಟ್ಟಿದರೆ ಮತ್ತೆ ಸ್ನಾನ ಮಾಡುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ. ಆದರೆ ಕಲ್ಚರ್ ರೂಮಿನಲ್ಲಿ ನನ್ನ ಮಡಿ ಅವರದಕ್ಕಿಂತ ಒಂದು ಕೈ ಮೇಲೆಯೇ ಇತ್ತು. ಹೊಸಬರು ನನ್ನನ್ನು ಕಂಡರೆ ಹೆದರುತ್ತಿದ್ದರು. ಹೆದರಲಿ ಎಂದೇ ನನಗೂ ಅನಿಸುತ್ತಿತ್ತು.

ನನ್ನ ಮೊದಲ ಮೇಲಧಿಕಾರಿ ಒಬ್ಬ ಪಾರ್ಸಿ ಹೆಂಗಸು. ಎಲ್ಲರೂ ಅವರನ್ನು ಬಾಯಿ, ಅಂದರೆ ಅಮ್ಮಾವ್ರು, ಎನ್ನುತ್ತಿದ್ದರು. ಆಗ ಪಿಪೆಟ್ಟನ್ನು ತುಟಿಗಿಟ್ಟೇ ಹೀರುವ ಕಾಲ. ಈಗಿನವರಿಗೆ ಹೇಳಿದರೆ ಹೇಸಿಗೆ ಪಟ್ಟುಕೊಳ್ಳುತ್ತಾರೆ. ಒಂದು ಜುಲೈ ತಿಂಗಳಲ್ಲಿ ಸೆಕೆ ತಡೆಯಲಾರದೆ ನಾನು ಕಲ್ಚರ್ ರೂಮಿನ ಕಿಟಕಿಯನ್ನು ಅರ್ಧ ಗಂಟೆ ತೆರೆದಿಟ್ಟೆ. ನಾಲ್ಕು ದಿನಕ್ಕೆ ಅಷ್ಟೂ ಫ್ಲಾಸ್ಕಿನಲ್ಲಿ ಬೂದು ಬಣ್ಣದ ಬೂಷ್ಟು ಎದ್ದಿತು. ಬಾಯಿಯವರ ಮೂರು ತಿಂಗಳ ಕೆಲಸ ಅದು. ನಾನು ಅಳುತ್ತಾ ನಿಂತಿದ್ದೆ. ಬಾಯಿ ಒಂದೊಂದೇ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿದರು. "ಡಿಕ್ರೀ, ಯಾವ ಬೂಷ್ಟು ಅಂತ ಮೊದಲು ಗುರುತಿಸಿ ಬರೆದಿಡು, ಆಮೇಲೆ ಚೆಲ್ಲು" ಎಂದರು. ಅವರ ಭಾಷೆಯಲ್ಲಿ ಡಿಕ್ರೀ ಎಂದರೆ ಮಗಳು. ಕಿಟಕಿಯ ಮಾತು ಎತ್ತಲೇ ಇಲ್ಲ, ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಒಂದು ಗೀಟು ಕೂಡ ಹಾಕಲಿಲ್ಲ. ಅವರಿಂದ ನಾನು ಕಲಿತದ್ದು ಕಿಟಕಿ ಮುಚ್ಚುವುದನ್ನು ಮಾತ್ರ. ಚೆಲ್ಲುವ ಮೊದಲು ನೋಡು ಎಂದಿದ್ದನ್ನು ಕಲಿತಿದ್ದರೆ ಇವತ್ತು ಇಷ್ಟು ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಬಾಯಿ ನಿವೃತ್ತರಾದ ಮೇಲೆ ಡಾಕ್ಟರ್ ಪರಾಂಜಪೆ ಬಂದರು. ಒಳ್ಳೆಯ ಮನುಷ್ಯ, ಆದರೆ ಸದಾ ಅವಸರ. ಅವರದು ಮೂಳೆಯ ಕೆಲಸ. ನಮ್ಮ ಮೂಳೆ ಕಲ್ಲಲ್ಲ, ದಿನವೂ ಒಂದಿಷ್ಟು ಕರಗಿ ಒಂದಿಷ್ಟು ಕಟ್ಟಿಕೊಳ್ಳುತ್ತಿರುತ್ತದೆ. ಕರಗಿಸುವುದಕ್ಕೆಂದೇ ಬೇರೆ ಕೋಶಗಳಿವೆ. ದೊಡ್ಡ ದೊಡ್ಡ ಕೋಶಗಳು, ಒಂದೊಂದರ ಹೊಟ್ಟೆಯಲ್ಲಿ ಹತ್ತು ಹದಿನೈದು ಬೀಜಗಳು, ಅಂದರೆ ನ್ಯೂಕ್ಲಿಯಸ್ಸುಗಳು. ಮೂಳೆಯ ಮೇಲೆ ಕೂತು ಗುಳಿ ಕೊರೆದುಬಿಡುತ್ತವೆ. ಅವು ಅತಿಯಾದರೆ ವಯಸ್ಸಾದವರ ಸೊಂಟ ಮುರಿಯುತ್ತದೆ, ಕಡಿಮೆಯಾದರೆ ಹುಟ್ಟಿದ ಕೂಸಿನ ಮೂಳೆ ಬಂಡೆಯಾಗುತ್ತದೆ. ಈ ಮೂಳೆ ತಿನ್ನುವ ಕೋಶಗಳು ಎಲ್ಲಿಂದ, ಯಾರ ಮಾತು ಕೇಳಿ ಹುಟ್ಟುತ್ತವೆ ಎಂಬುದೇ ಸಾಹೇಬರ ಪ್ರಶ್ನೆ. ಬೇರೆ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳನ್ನು ಪತ್ರಿಕೆಗಳು ಈಗ ಕಾಂಡಕೋಶ ಎಂದು ಬರೆಯುತ್ತವೆ, ನಾವು ಸ್ಟೆಮ್ ಸೆಲ್ ಎಂದೇ ಕರೆಯುತ್ತಿದ್ದೆವು. ಮೂಳೆಯೊಳಗಿನ ಮಜ್ಜೆಯಲ್ಲಿ ಅವು ಎರಡು ಬಗೆ. ರಕ್ತವನ್ನು ಹುಟ್ಟಿಸುವ ಬಗೆ ದ್ರವದಲ್ಲಿ ತೇಲುತ್ತದೆ. ಮೂಳೆಯನ್ನು ಕಟ್ಟುವ ಬಗೆ ಫ್ಲಾಸ್ಕಿನ ತಳಕ್ಕೆ ಅಂಟುತ್ತದೆ. ತಿನ್ನುವ ಕೋಶಗಳು ತೇಲುವ ವಂಶದವು ಎಂಬುದು ಆಗಲೇ ಗೊತ್ತಿತ್ತು.

ಹಾಗಾದರೆ ಅಂಟುವವು ಯಾಕೆ ಬೇಕು, ತೆಗೆದುಬಿಡಿ ಎಂದರು ಸಾಹೇಬರು. ನನಗೆ ಅದಕ್ಕಿಂತ ಇಷ್ಟವಾದ ಆಜ್ಞೆ ಇರಲಿಲ್ಲ. ಇಲಿಯ ತೊಡೆಮೂಳೆಯ ಎರಡೂ ತುದಿ ಕತ್ತರಿಸಿ, ಸಿರಿಂಜಿನಿಂದ ಮಜ್ಜೆಯನ್ನು ಹೊರತೆಗೆದು, ಫ್ಲಾಸ್ಕಿಗೆ ಹಾಕುವುದು. ಮಾರನೆಯ ದಿನ ತೇಲುವುದನ್ನು ಹೊಸ ಫ್ಲಾಸ್ಕಿಗೆ ಬಗ್ಗಿಸಿಕೊಂಡು, ತಳಕ್ಕೆ ಅಂಟಿದ್ದನ್ನು ಚೆಲ್ಲುವುದು. ಮತ್ತೆ ಮಾರನೆಯ ದಿನ ಹಾಗೆಯೇ. ಮೂರು ಸಲ ತೊಳೆದ ಮೇಲೆ ವಿಟಮಿನ್ ಡಿಯ ಸತ್ವ ಹಾಕಿ, ದೇವನಾರಿನ ಕಸಾಯಿಖಾನೆಯಿಂದ ತರಿಸಿದ ಎಮ್ಮೆಯ ಮೂಳೆಯ ತೆಳುವಾದ ಬಿಲ್ಲೆಗಳ ಮೇಲೆ ಆ ಕೋಶಗಳನ್ನು ಬಿಟ್ಟು, ಗುಳಿ ಬೀಳುತ್ತದೆಯೇ ಎಂದು ನೋಡುವುದು. ಬಿಲ್ಲೆಗಳನ್ನು ನಾನೇ ಗರಗಸದಲ್ಲಿ ಕೊಯ್ಯುತ್ತಿದ್ದೆ. ಅತ್ತೆ ಕೇಳಿದರೆ ಕಲ್ಲು ಕೊಯ್ಯುತ್ತೇನೆ ಎನ್ನುತ್ತಿದ್ದೆ. ಒಂದು ವರ್ಷ ಹೀಗೆ ಮಾಡಿದೆವು, ಒಂದು ಗುಳಿಯೂ ಬೀಳಲಿಲ್ಲ. ಇನ್ನೂ ಶುದ್ಧವಾಗಿಲ್ಲ, ಇನ್ನೊಂದು ಸಲ ತೊಳೆಯೋಣ ಎಂದೆ ನಾನು. ನಾಲ್ಕು ಸಲ ತೊಳೆಯತೊಡಗಿದೆವು.

ಆ ಹೊತ್ತಿಗೆ ಬಂದವಳು ವಾರಿಜಾ. ಉಡುಪಿ ಕಡೆಯವಳು. ತಂದೆ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ದೊಡ್ಡ ಭಟ್ಟರು, ಅಂದರೆ ಅಡಿಗೆಮನೆಯ ಮುಖ್ಯಸ್ಥರು. ತಾಯಿ ಇಲ್ಲದ ಹುಡುಗಿ, ಮುಲುಂಡಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದಿದವಳು. ಭಟ್ಟರು ರಜೆ ಇದ್ದಾಗ ಅಲ್ಲಿಗೆ ಹೋಗಿ ಬರುತ್ತಿದ್ದರು. ಎಂ.ಎಸ್ಸಿ.ಯಲ್ಲಿ ಒಳ್ಳೆಯ ದರ್ಜೆ ಪಡೆದು ಪಿಎಚ್.ಡಿ. ಮಾಡಲು ನಮ್ಮಲ್ಲಿಗೆ ಬಂದಿದ್ದಳು. ಅವರ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಮೊದಲ ವರ್ಷ ಕಳೆದ ಮೇಲೆ ಸಾಹೇಬರು ಒಪ್ಪಿದರೆ ಮಾತ್ರ ಹೆಸರು ನೋಂದಣಿಯಾಗುತ್ತದೆ, ಇಲ್ಲದಿದ್ದರೆ ಮನೆಗೆ. ಸಾಹೇಬರು ಒಪ್ಪುವುದು ಹೇಗೆಂದರೆ, ನಮ್ಮಲ್ಲೊಂದು ಪದ್ಧತಿ ಇತ್ತು. ಕಲ್ಚರ್ ರೂಮಿನ ಕೆಂಪು ರಟ್ಟಿನ ರಿಜಿಸ್ಟರಿನಲ್ಲಿ ಪ್ರತಿ ವಿದ್ಯಾರ್ಥಿಯ ಫ್ಲಾಸ್ಕಿನ ಮುಂದೆ ನಾನು ಷರಾ ಬರೆಯಬೇಕು. ವರ್ಷದ ಕೊನೆಗೆ "ಕೈ ಸ್ವಚ್ಛ" ಎಂದು ನಾನು ಬರೆದುಕೊಟ್ಟರೆ ಅವರು ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ಒಂದು ಹುಡುಗಿಯ ಹಣೆಬರಹ ನನ್ನ ಪೆನ್ನಿನಲ್ಲಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ವಾರಿಜಾ ಮಾತಿನ ಮಲ್ಲಿ. ಕೆಲಸ ಮಾಡುವಾಗ ಪ್ರಶ್ನೆ ಕೇಳುತ್ತಿದ್ದಳು, ನನಗೆ ಅದು ಸೇರುತ್ತಿರಲಿಲ್ಲ. "ಮೇಡಂ, ಇಷ್ಟು ತೊಳೆದ್ರೆ ಇವಕ್ಕೆ ಒಬ್ಬರೇ ಆಗಿ ಬೇಜಾರಾಗುದಿಲ್ವಾ?" ಎಂದು ಒಮ್ಮೆ ಕೇಳಿದಳು.

"ಕೋಶಕ್ಕೆ ಎಂಥದೇ ಬೇಜಾರು, ಬಾಯಿ ಮುಚ್ಕೊಂಡು ಪಿಪೆಟ್ ಹಿಡಿ" ಎಂದೆ.

ಆ ವರ್ಷ ಮಳೆ ಜೋರು. ಕುರ್ಲಾ, ಸಯನ್ ಹಳಿಗಳ ಮೇಲೆ ನೀರು ನಿಂತು ಸೆಂಟ್ರಲ್ ಲೈನಿನ ಲೋಕಲುಗಳು ಎರಡು ದಿನ ಓಡಲಿಲ್ಲ. ಮುಲುಂಡಿನಲ್ಲಿ ವಾರಿಜಾ ಸಿಕ್ಕಿಬಿದ್ದಳು, ಇತ್ತ ನನಗೆ ಮನೆಯಿಂದ ಹೊರಗೆ ಕಾಲಿಡಲಾಗಲಿಲ್ಲ. ಅವಳು ಹಿಂದಿನ ದಿನವಷ್ಟೇ ಮಜ್ಜೆ ಹಾಕಿಟ್ಟಿದ್ದ ಫ್ಲಾಸ್ಕುಗಳು ತೊಳೆಯದೆ ಉಳಿದವು. ನೀರಿಳಿದ ಮೇಲೆ ಬಂದು ನೋಡಿದರೆ ತಳದಲ್ಲಿ ಅಂಟುವ ಕೋಶಗಳು ಚಾಪೆಯ ಹಾಗೆ ಹರಡಿಕೊಂಡಿದ್ದವು. "ಚೆಲ್ಲಿಬಿಡು, ಹೊಸದಾಗಿ ಹಾಕು" ಎಂದು ಹೇಳಿ ನಾನು ನನ್ನ ಕೆಲಸಕ್ಕೆ ಹೋದೆ. ಅವಳು ಅರ್ಧ ಚೆಲ್ಲಿ, ಹೊಸದಾಗಿ ಹಾಕಿ ತೊಳೆದಳು. ಉಳಿದರ್ಧವನ್ನು ಸತ್ವ ಹಾಕಿ, ಬಿಲ್ಲೆ ಹಾಕಿ, ಇನ್ಕ್ಯುಬೇಟರಿನ ಹಿಂದಿನ ಸಾಲಿನಲ್ಲಿ ಇಟ್ಟುಕೊಂಡಳು. ನನಗೆ ಹೇಳಲಿಲ್ಲ.

ಹತ್ತು ದಿನದ ಮೇಲೆ ನನ್ನ ಸೆರಗು ಹಿಡಿದು ಎಳೆಯುವಷ್ಟು ಸಡಗರದಲ್ಲಿ ಬಂದಳು. "ಮೇಡಂ, ಒಮ್ಮೆ ಬನ್ನಿ. ಒಂದು ಉಂಟು ನೋಡ್ಲಿಕ್ಕೆ." ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಅಂಟುವ ಕೋಶಗಳ ಚಾಪೆಯ ಮೇಲೆ ಅಲ್ಲಲ್ಲಿ ದೊಡ್ಡ ಕೋಶಗಳು, ಒಂದೊಂದರಲ್ಲೂ ಹಲವು ಬೀಜಗಳು. ಬಣ್ಣ ಹಾಕಿದ ಸ್ಲೈಡಿನಲ್ಲಿ ಕೆಂಪಗೆ ಎದ್ದು ಕಾಣುತ್ತಿದ್ದವು. ಬಿಲ್ಲೆಯ ಮೇಲೆ ಏನೋ ತಗ್ಗು ಇದ್ದ ಹಾಗೂ ಇತ್ತು. ನಾನು ನೋಡಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಚಾಪೆ. ನಾನು ಚೆಲ್ಲು ಎಂದದ್ದನ್ನು ಇವಳು ಇಟ್ಟುಕೊಂಡಿದ್ದಾಳೆ ಎಂಬ ಸಿಟ್ಟು ನೆತ್ತಿಗೇರಿತು.

"ಇದು ಗಲೀಜು" ಎಂದೆ. "ಹೊರಗಿನ ಕಸ ಸೇರಿದಾಗ ಕೋಶಗಳು ಒಂದಕ್ಕೊಂದು ಅಂಟಿ ಹೀಗೆ ದೊಡ್ಡದಾಗುತ್ತವೆ. ಅಷ್ಟೂ ಗೊತ್ತಿಲ್ವೇನೆ ನಿನಗೆ?"

"ಕಸ ಅಲ್ಲ ಮೇಡಂ. ತೊಳೆದ ಫ್ಲಾಸ್ಕಿನಲ್ಲಿ ಒಂದೂ ಇಲ್ಲ. ತೊಳೆಯದ್ದರಲ್ಲಿ ಎಲ್ಲದರಲ್ಲೂ ಉಂಟು. ಎಂತಕೆ ಅಂತ ನೋಡುವ ಮೇಡಂ. ಸಾರ್‌ಗೆ ಒಮ್ಮೆ ತೋರಿಸುವ."

"ಸಾಹೇಬರಿಗೆ ತೋರಿಸುವಂಥದ್ದಲ್ಲ ಇದು. ನನ್ನ ಮಾನ ಕಳೀಬೇಡ."

ಅವಳ ಮುಖ ಸಣ್ಣಗಾಯಿತು. ನಾನು ಅವಳೆದುರಿಗೇ ಫ್ಲಾಸ್ಕುಗಳನ್ನು ಸಿಂಕಿಗೆ ಬಗ್ಗಿಸಿದೆ. ರಿಜಿಸ್ಟರಿನಲ್ಲಿ ಬರೆದೆ: ಕೊಳೆ, ಚೆಲ್ಲಲಾಯಿತು. ಮುಂದಿನ ಎರಡು ತಿಂಗಳಲ್ಲಿ ನಾನು ಬೇಡವೆಂದರೂ ಅವಳು ಇನ್ನೆರಡು ಸಲ ತೊಳೆಯದೆ ಇಟ್ಟು ನೋಡಿದಳು. ನಾನು ಎರಡು ಸಲವೂ ಚೆಲ್ಲಿ, ಎರಡು ಸಲವೂ ಅದನ್ನೇ ಬರೆದೆ. ವರ್ಷದ ಕೊನೆಗೆ ಸಾಹೇಬರು ಕೇಳಿದಾಗ, ಬುದ್ಧಿ ಚುರುಕು, ಆದರೆ ಕೈ ಸ್ವಚ್ಛವಿಲ್ಲ, ಹೇಳಿದ ಮಾತು ಕೇಳುವುದಿಲ್ಲ ಎಂದು ಬರೆದುಕೊಟ್ಟೆ. ಅವರು ಫ್ಲಾಸ್ಕನ್ನೂ ನೋಡಿರಲಿಲ್ಲ, ಸ್ಲೈಡನ್ನೂ ನೋಡಿರಲಿಲ್ಲ. ನನ್ನ ಷರಾ ನೋಡಿದರು. ವಾರಿಜಾಳ ನೋಂದಣಿ ಆಗಲಿಲ್ಲ.

ಅವಳು ಹೋದ ವಾರದೊಳಗೆ ಅವಳ ತಂದೆ ನನ್ನನ್ನು ನೋಡಲು ಬಂದರು. ಮಧ್ಯಾಹ್ನದ ಬಿಡುವಿನಲ್ಲಿ, ಒಗೆದ ಬಿಳಿ ಪಂಚೆ, ಬಿಳಿ ಅಂಗಿ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಬಿಸ್ಕುಟ್ ಅಂಬಡೆ, ಅವರ ಕಡೆಯ ಉದ್ದಿನ ವಡೆ. ವೆರಾಂಡದ ಬೆಂಚಿನ ತುದಿಯಲ್ಲಿ ಕೂತಿದ್ದವರು ನನ್ನನ್ನು ಕಂಡು ಎದ್ದು ನಿಂತರು.

"ನಮಸ್ಕಾರ ಅಮ್ಮ. ನಾನು ವಾರಿಜಾಳ ಅಪ್ಪ. ಅವಳನ್ನು ವಾಪಾಸು ತೆಕೊಳ್ಳಿ ಅಂತ ಕೇಳ್ಲಿಕ್ಕೆ ಬಂದದ್ದಲ್ಲ. ಕೈ ಶುದ್ಧ ಇಲ್ಲ ಅಂತ ಬರೆದ್ರಂತೆ. ನಾನು ಮೂವತ್ತು ವರ್ಷದಿಂದ ಜನಕ್ಕೆ ಬೇಯಿಸಿ ಹಾಕ್ತಾ ಇದ್ದೇನೆ. ನನಗೆ ಯಾರೂ ಆ ಮಾತು ಹೇಳ್ಲಿಲ್ಲ. ಮಗಳಿಗೆ ಬಂತು. ಅವಳು ಎಂತ ತಪ್ಪು ಮಾಡಿದ್ದು ಅಂತ ಹೇಳಿದ್ರೆ ನಾನು ತಿದ್ದುತ್ತೇನೆ."

ಎಷ್ಟು ಸುಲಭದ ಪ್ರಶ್ನೆ. ಒಂದು ನಿಮಿಷ ಕೂತು ಉತ್ತರ ಹುಡುಕಿದ್ದರೆ, ಅವಳದು ತಪ್ಪೇನೂ ಇಲ್ಲ ಎಂಬುದು ನನಗೇ ಹೊಳೆಯುತ್ತಿತ್ತೋ ಏನೋ. ನಾನು ಕೂರಲಿಲ್ಲ. "ಇದು ಹೋಟೆಲಿನ ಅಡಿಗೆಮನೆ ಅಲ್ಲ ಭಟ್ರೇ, ಇಲ್ಲಿಯ ಸ್ವಚ್ಛತೆಯೇ ಬೇರೆ. ನಿಮಗೆ ಹೇಳಿದರೆ ತಿಳಿಯೋದಿಲ್ಲ" ಎಂದೆ. ಅವರು "ಹೌದು ಹೌದು, ತಿಳಿಯುದಿಲ್ಲ" ಎಂದು ತಲೆಯಾಡಿಸಿ, ಪೊಟ್ಟಣವನ್ನು ಬೆಂಚಿನ ಮೇಲಿಟ್ಟು, ಮೆಟ್ಟಿಲಿಳಿದು ಹೋದರು. ಆ ಅಂಬಡೆಗಳನ್ನು ಎಲ್ಲರೂ ತಿಂದರು, ನಾನೂ ಎರಡು ತಿಂದೆ. ಈ ಮಾತು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಆಗ ಸ್ಲೈಡುಗಳನ್ನು ಎಸೆಯುವ ಕಾಲವಲ್ಲ. ವಾರಿಜಾ ತನ್ನ ಡ್ರಾಯರಿನಲ್ಲಿ ಆರು ಸ್ಲೈಡುಗಳನ್ನು ಪೆನ್ಸಿಲಿನಲ್ಲಿ ಹೆಸರು ಬರೆದು ಬಿಟ್ಟುಹೋಗಿದ್ದಳು. ಅವನ್ನೂ ಆಸಿಡ್ಡಿನಲ್ಲಿ ಅದ್ದಿ, ತೊಳೆದು, ಒಣಗಿಸಿ ಬೇರೆಯವರಿಗೆ ಕೊಟ್ಟೆ.

ಇದಾಗಿ ಎರಡು ವರ್ಷ ಕಳೆದಿರಬೇಕು. ಹೊರದೇಶದ ಜರ್ನಲುಗಳು ಹಡಗಿನಲ್ಲಿ ಬಂದು ಲೈಬ್ರರಿ ಸೇರಲು ತಿಂಗಳುಗಳೇ ಆಗುತ್ತಿದ್ದ ಕಾಲ. ಒಂದು ದಿನ ಪರಾಂಜಪೆ ಸಾಹೇಬರು ಜರ್ನಲ್ ಹಿಡಿದುಕೊಂಡೇ ಕಲ್ಚರ್ ರೂಮಿನ ಬಾಗಿಲಿಗೆ ಬಂದರು. ಜಪಾನಿನ ವಿಜ್ಞಾನಿಗಳ ಲೇಖನ. ತಿನ್ನುವ ಕೋಶಗಳು ಹುಟ್ಟುವುದು ತೇಲುವ ಕೋಶಗಳಿಂದಲೇ ನಿಜ. ಆದರೆ ಮೂಳೆ ಕಟ್ಟುವ ವಂಶದ ಆ ಅಂಟುವ ಕೋಶಗಳು ಜೊತೆಗಿದ್ದು, ಮೈಗೆ ಮೈ ತಾಗಿಸಿ ಹೇಳಿದರೆ ಮಾತ್ರ ಅವು ಹುಟ್ಟುತ್ತವೆ. ಬೇರೆ ಮಾಡಿದರೆ ಇಲ್ಲ. ಕಟ್ಟುವವರು ಅಪ್ಪಣೆ ಕೊಡದೆ ಕೆಡಹುವವರು ಹುಟ್ಟುವುದೇ ಇಲ್ಲ ಎಂದಾಯಿತು. ನಾವು ವರ್ಷಗಟ್ಟಲೆ ಅಪ್ಪಣೆ ಕೊಡುವವರನ್ನೇ ಮೂರು ಸಲ, ನಾಲ್ಕು ಸಲ ತೊಳೆದು ಸಿಂಕಿಗೆ ಹಾಕಿದ್ದೆವು. ಲೇಖನದ ಚಿತ್ರದಲ್ಲಿ ಚಾಪೆಯೂ ಇತ್ತು, ಅದರ ಮೇಲೆ ಹಲವು ಬೀಜದ ದೊಡ್ಡ ಕೋಶಗಳೂ ಇದ್ದವು. ನನಗೆ ಅದು ಹೊಸ ಚಿತ್ರವೇನೂ ಆಗಿರಲಿಲ್ಲ.

"ಶಾರದಾಬಾಯಿ, ನಮ್ಮಲ್ಲಿ ಎಂದಾದರೂ ಹೀಗೆ ಕಂಡಿತ್ತಾ?" ಎಂದು ಸಾಹೇಬರು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಸೆಯಿತ್ತು. ಕಂಡಿತ್ತು ಎಂದಿದ್ದರೆ ಕುಣಿಯುತ್ತಿದ್ದರು.

"ಇಲ್ಲ ಸರ್" ಎಂದೆ.

ತಪ್ಪು ಮಾಡಿದ್ದು ಬೇರೆ, ಈ ಎರಡು ಶಬ್ದ ಬೇರೆ. ಮೊದಲನೆಯದನ್ನು ಎಷ್ಟೋ ಜನ ಮಾಡಿದ್ದರು. ಲೋಕದಲ್ಲಿ ಎಷ್ಟು ಲ್ಯಾಬುಗಳು ಆಗ ಅಂಟುವ ಕೋಶಗಳನ್ನು ಚೆಲ್ಲುತ್ತಿದ್ದವೋ ಯಾರಿಗೆ ಗೊತ್ತು. ಎರಡನೆಯದು ಸಂಪೂರ್ಣ ನನ್ನದೇ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ರಿಜಿಸ್ಟರನ್ನು ತೆಗೆದು ಆ ಪುಟ ನೋಡಿದೆ. ವಾರಿಜಾ, ಫ್ಲಾಸ್ಕಿನ ನಂಬರು, ತೊಳೆದಿಲ್ಲ, ನನ್ನ ಕೈಬರಹದಲ್ಲಿ ಕೊಳೆ. ಮೂರು ಕಡೆ ಹಾಗೆ. ಆ ಪುಟವನ್ನು ಸಾಹೇಬರ ಮೇಜಿನ ಮೇಲೆ ತೆರೆದಿಟ್ಟಿದ್ದರೆ ಸಾಕಿತ್ತು, ಅವಳನ್ನು ಮರುದಿನವೇ ಕರೆಸುತ್ತಿದ್ದರು. ನಾನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕಲ್ಚರ್ ರೂಮಿನಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ ಎಂಬ ಹೆಸರೊಂದೇ ನನ್ನ ಆಸ್ತಿಯಾಗಿತ್ತು, ಅದನ್ನು ಕಳೆದುಕೊಳ್ಳಲು ಧೈರ್ಯ ಬರಲಿಲ್ಲ. ಮರುವಾರದಿಂದ ನಾವೂ ತೊಳೆಯುವುದನ್ನು ಬಿಟ್ಟೆವು. ಮೊದಲ ಸಲವೇ ಗುಳಿಗಳು ಬಿದ್ದವು. ಅದರ ಮೇಲೆ ಬಂದ ಲೇಖನದಲ್ಲಿ ನನ್ನ ಹೆಸರೂ ಇತ್ತು.

ಇಷ್ಟರಲ್ಲಿ ವಾರಿಜಾ ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂದು ವಿಚಾರಿಸಬಹುದಿತ್ತು. ಮುಲುಂಡ್ ಏನು ಪರದೇಶವೇ, ಸಯನ್ನಿನಿಂದ ಅದೇ ಲೈನು. ಅಲ್ಲೇ ಇದ್ದ ನಾದಿನಿಯ ಮನೆಗೆಂದು ವರ್ಷಕ್ಕೆ ನಾಲ್ಕು ಸಲ ಹೋಗುತ್ತಲೇ ಇದ್ದೆ. ಮುಂದಿನ ಸಲ ಹುಡುಕೋಣ, ದೀಪಾವಳಿ ಕಳೆಯಲಿ, ಮಳೆ ಮುಗಿಯಲಿ ಎಂದು ನನಗೆ ನಾನೇ ವಾಯಿದೆ ಕೊಟ್ಟುಕೊಂಡೆ.

ಹಾಗೆ ನಾದಿನಿಯ ಮನೆಯಲ್ಲಿದ್ದಾಗ ಒಮ್ಮೆ ಚಳಿಜ್ವರ ಬಂತು. ಮಲೇರಿಯಾ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ ಎಂದರು ಡಾಕ್ಟರು. ಸ್ಟೇಷನ್ ಹತ್ತಿರದ ಒಂದು ಸಣ್ಣ ಪೆಥಾಲಜಿ ಲ್ಯಾಬಿಗೆ ಹೋದೆ. ಪರದೆ ಸರಿಸಿ ಒಳಗೆ ಹೋದರೆ ಬಿಳಿ ಕೋಟಿನಲ್ಲಿ ವಾರಿಜಾ. ಸ್ವಲ್ಪ ದಪ್ಪಗಾಗಿದ್ದಳು, ಕೊರಳಲ್ಲಿ ಕರಿಮಣಿ.

"ಅಯ್ಯೋ, ಮೇಡಂ ನೀವಾ. ಕೂತ್ಕೊಳ್ಳಿ ಕೂತ್ಕೊಳ್ಳಿ. ಜ್ವರ ಎಷ್ಟು ದಿನದಿಂದ?"

ಅವಳ ಮಾತಿನಲ್ಲಿ ಹಗೆಯ ಸುಳಿವೇ ಇರಲಿಲ್ಲ. ಮೂಲೆಯ ಬೇಸಿನ್ನಿನಲ್ಲಿ ಸೋಪು ಹಚ್ಚಿ ಕೈ ತೊಳೆದಳು. ಒರೆಸಿಕೊಂಡಳು. ಮತ್ತೆ ಹೋಗಿ ಇನ್ನೊಮ್ಮೆ ತೊಳೆದಳು.

"ಒಂದು ಸಲ ತೊಳೆದರೆ ಸಾಲದೇನೆ?" ಎಂದೆ, ಏನಾದರೂ ಮಾತಾಡಬೇಕಲ್ಲ ಎಂದು.

"ಅಭ್ಯಾಸ ಆಗಿದೆ ಮೇಡಂ. ಇಲ್ಲಿ ಎಲ್ರೂ ತಮಾಷೆ ಮಾಡ್ತಾರೆ. ನನ್ನ ಕೈ ಸರಿ ಇಲ್ಲ ಅಂತ ನನಗೆ ಗೊತ್ತುಂಟಲ್ಲ, ಹಾಗೆ ಜಾಗ್ರತೆ ಮಾಡುದು." ನಗುತ್ತಲೇ ಹೇಳಿದಳು. ನನ್ನ ತೋಳಿಗೆ ರಬ್ಬರಿನ ಪಟ್ಟಿ ಬಿಗಿದು ನರ ಹುಡುಕತೊಡಗಿದಳು.

ಇನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ. "ವಾರಿಜಾ, ಅದು ಕೊಳೆ ಅಲ್ಲಮ್ಮ" ಎಂದೆ. "ನೀನು ನೋಡಿದ್ದೇ ಸರಿ. ಅಂಟುವ ಕೋಶ ಜೊತೆಗಿಲ್ಲದೆ ತಿನ್ನುವ ಕೋಶ ಹುಟ್ಟೋದೇ ಇಲ್ಲ. ಜಪಾನಿನವರು ಬರೆದರು. ಆಮೇಲೆ ನಾವೂ ಹಾಗೇ ಮಾಡಿದ್ವಿ, ಬಂತು. ನಿನ್ನ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ. ನಾನು ಸುಳ್ಳು ಹೇಳಿದೆ."

ಅವಳ ಬೆರಳು ನನ್ನ ತೋಳಿನ ಮೇಲೆ ನಿಂತಿತು. "ಜಪಾನಿನವರದ್ದು ಬಂದದ್ದು ಯಾವಾಗ ಮೇಡಂ?"

"ಮೂರು ವರ್ಷ ಆಯ್ತು."

ಅವಳು ಸೂಜಿ ಚುಚ್ಚಿದಳು. ನೋವೇ ಆಗಲಿಲ್ಲ, ಅಷ್ಟು ಹಗುರ ಕೈ. ರಕ್ತ ಸಿರಿಂಜಿಗೆ ಏರುವುದನ್ನು ಇಬ್ಬರೂ ನೋಡುತ್ತಿದ್ದೆವು.

"ಅಪ್ಪ ಹೋಗಿ ಒಂದೂವರೆ ವರ್ಷ ಆಯ್ತು" ಎಂದಳು. "ಚಿಕ್ಕಮ್ಮನ ಮನೆಗೆ ಬಂದಾಗೆಲ್ಲ ಮೊದಲು ನನ್ನನ್ನು ಹತ್ತಿರ ಕೂರಿಸ್ಕೊಂಡು ಅಡಿಗೆ ಮಾಡ್ತಿದ್ರು. ಹಿಟ್ಟು ಕಲಸುದು, ಒಗ್ಗರಣೆ ಹಾಕುದು ಎಲ್ಲ ನನ್ನದೇ. ನಿಮ್ಮನ್ನು ನೋಡಿ ಬಂದ ಮೇಲೆ ಅಡಿಗೆಗೆ ಕರೀಲೇ ಇಲ್ಲ. ಬೈಯ್ಲಿಲ್ಲ, ಎಂತದೂ ಹೇಳ್ಲಿಲ್ಲ. ಒಬ್ರೇ ಮಾಡ್ತಿದ್ರು. ಅವರು ಇರುವಾಗ ನೀವು ಒಂದು ಮಾತು ಹೇಳಿದ್ರೆ ಆಗ್ತಿತ್ತು ಮೇಡಂ."

ಸೂಜಿ ತೆಗೆದು ಹತ್ತಿ ಒತ್ತಿದಳು. "ಕೈ ಮಡಚಿ ಹಿಡ್ಕೊಳ್ಳಿ, ಐದು ನಿಮಿಷ. ರಿಪೋರ್ಟ್ ಸಂಜೆ ಸಿಗ್ತದೆ" ಎಂದು ಹೇಳಿ, ಪರದೆ ಸರಿಸಿ, ಮುಂದಿನವರ ಹೆಸರು ಕೂಗಿದಳು.